ಮೊಟ್ಟೆ ತೇಲುವವರೆಗೆ

ಬರ್ಚ್ ಮರದ ಬೂದಿಯೇ ಆಗಬೇಕು, ಅಂದಳು ಹಿಲ್ಯಾ.
ಪೈನ್ ಬೇಡ, ಅದರಲ್ಲಿ ಅಂಟು ಜಾಸ್ತಿ, ಸತ್ವ ಕಮ್ಮಿ,
ನನ್ನ ಮಗನ ಹಾಗೆ.
ಒಲೆಯ ಪಕ್ಕ ಬೂಟು ಬಿಚ್ಚುತ್ತಿದ್ದ ತರ್ಮೋ
ಕೇಳಿಸದವನಂತೆ ಇನ್ನೊಂದು ಬೂಟಿಗೆ ಕೈ ಹಾಕಿದ.

ಹನ್ನೊಂದು ವರ್ಷದ ಆಸ್ಪತ್ರೆ ನನ್ನ ಕೈಗಳನ್ನು ತಿಂದಿತ್ತು.
ದಿನಕ್ಕೆ ಅರವತ್ತು ಸಲ ತೊಳೆದೂ ತೊಳೆದೂ
ಗಿಣ್ಣು ಗಿಣ್ಣಿನಲ್ಲಿ ಬಿರುಕು;
ಬ್ರೆಡ್ಡಿನ ಹಿಟ್ಟು ನಾದಿದರೆ ಅದರೊಳಗಿನ ಉಪ್ಪಿಗೂ ಉರಿ.
ರಜೆ ಬರೆದು, ತಾಲಿನ್ ಬಿಟ್ಟು, ಹಡಗು ಹತ್ತಿ
ಸಾರೆಮಾ ದ್ವೀಪದ ಈ ಅಂಗಳಕ್ಕೆ ಬಂದರೆ
ಅತ್ತೆ ಕೈ ತಿರುಗಿಸಿ ನೋಡಿದಳು, ಏನೂ ಅನ್ನಲಿಲ್ಲ.
ಮರುದಿನ ತಳ ತೂತಾದ ಪೀಪಾಯಿಯೊಂದನ್ನು
ಕೊಟ್ಟಿಗೆಯಿಂದ ಉರುಳಿಸಿಕೊಂಡು ಬಂದಳು.

ತಳಕ್ಕೆ ಹುಲ್ಲು, ಹುಲ್ಲಿನ ಮೇಲೆ ಜರಡಿಯಾಡಿದ ಬೂದಿ,
ಬೂದಿಗೆ ಮಳೆನೀರು, ಒಂದೊಂದೇ ಸೌಟು.
ಆಮೇಲೆ ಕಾಯುವುದು.
ಹನಿ ಬೀಳುತ್ತದೆ, ಹಾಲಿಲ್ಲದ ಚಹಾದ ಬಣ್ಣ.
ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ
ಆಲೂಗಡ್ಡೆಯೊಂದನ್ನು ಸುಲಿದು ಮುಗಿಸಬಹುದು.

ಎಷ್ಟು ಬೂದಿ?
ಸಾಕಾಗುವಷ್ಟು.
ಎಷ್ಟು ಹೊತ್ತು?
ಮೊಟ್ಟೆ ತೇಲುವವರೆಗೆ.
ನಾನು ನರ್ಸು, ಮಿಲಿಲೀಟರಿನಲ್ಲಿ ಬದುಕಿದವಳು.
ನೋಟುಪುಸ್ತಕ ತಂದು ಗೆರೆ ಎಳೆದೆ, ತಾರೀಕು ಹಾಕಿದೆ.

ಮೊದಲ ಸಲ ಮೊಟ್ಟೆ ಕಲ್ಲಿನಂತೆ ತಳ ಸೇರಿತು.
ಅದೇ ನೀರನ್ನು ಕುದಿಸಿ ಬತ್ತಿಸಿದೆ, ಹಟಕ್ಕೆ ಬಿದ್ದು;
ಈಗ ಮೊಟ್ಟೆ ಮೇಲೆದ್ದು, ಮಗ್ಗುಲು ಮಗುಚಿ, ಹೊರಳಾಡಿತು.
ಇದು ಕೊಳೆ ತೆಗೆಯಲ್ಲ, ಚರ್ಮ ತೆಗೆಯುತ್ತೆ,
ಎಂದು ಹಿಲ್ಯಾ ಹೆಬ್ಬಾತಿನ ಗರಿಯೊಂದನ್ನು ಅದ್ದಿ ಎತ್ತಿದಳು.
ಗರಿ ಇರಲಿಲ್ಲ. ಕಡ್ಡಿ ಇತ್ತು.
ಅವಳ ಕೈ ನಡುಗಿ ಚಿಮ್ಮಿದ ಹನಿ ಪುಸ್ತಕಕ್ಕೆ ಬಿದ್ದು
ಅಳತೆ ಬರೆದ ಸಾಲೇ ನೀಲಿ ಕೆರೆಯಾಯಿತು.

ಕುರಿಕೊಬ್ಬು ಕರಗಿದ ವಾಸನೆ ಮೂರು ದಿನ ಪರದೆಯಲ್ಲಿ ಕೂತಿತ್ತು.
ಕಲಕು, ಅಂದಳು.
ಎಡಕ್ಕೋ, ಬಲಕ್ಕೋ?
ನಿಲ್ಲಿಸದೆ.
ಮಧ್ಯಾಹ್ನ ಕಳೆದರೂ ಗಂಜಿ ಗಂಜಿಯಾಗಿಯೇ ಇತ್ತು,
ನನ್ನ ತೋಳು ನನ್ನದಾಗಿ ಉಳಿದಿರಲಿಲ್ಲ.
ಸಂಜೆ ಅವಳು ಬಂದು ಮೂರು ಹಿಡಿ ಉಪ್ಪು ಸುರಿದಳು
ಒಡೆದ ಹಾಲಿನಂತೆ ಎರಡಾಯಿತು:
ಕೆಳಗೆ ಕಂದು ನೀರು,
ಮೇಲೆ ಕೆನೆಗಟ್ಟಿ ತೇಲುವ ಸಾಬೂನು.

ನನಗೆ ಗಂಟಲುಬ್ಬಿ ಬಂತು.
ಎಷ್ಟು ತಲೆಮಾರಿನ ವಿದ್ಯೆಯೋ ಇದು, ಅಂದೆ,
ನಿಮ್ಮಮ್ಮ, ಅವರಮ್ಮ...

ನಮ್ಮಮ್ಮನೇ!
ಹಿಲ್ಯಾ ನಕ್ಕು ಸೌಟು ಒರಗಿಸಿದಳು.
ನಮ್ಮಮ್ಮ ಪೇಟೆಯಿಂದ ತರಿಸೋಳು,
ಗುಲಾಬಿ ಚಿತ್ರದ ಕಾಗದ ಸುತ್ತಿದ್ದು.
ಬೂದಿ ಮುಟ್ಟಿದರೆ ಉಗುರು ಕೆಡುತ್ತೆ ಅನ್ನೋಳು.

ನಲವತ್ತೊಂಬತ್ತರ ಮಾರ್ಚಿನಲ್ಲಿ ಲಾರಿ ಬಂತು.
ನನಗೆ ಹತ್ತು.
ಗೂಡ್ಸು ಬಂಡಿಯಲ್ಲಿ ಎರಡು ವಾರ, ಓಮ್ಸ್ಕಿನಾಚೆ ಒಂದು ಹಳ್ಳಿ,
ತಲೆತುಂಬ ಹೇನು.
ಪಕ್ಕದ ಗುಡಿಸಲಲ್ಲಿ ತಾತಾರ್ ಹೆಂಗಸು, ಮಿನ್ನಿಗುಲ್.
ಅವಳ ಮಾತು ನಮಗೆ ಬಾರದು, ನಮ್ಮದು ಅವಳಿಗೆ.
ಒಂದು ಬೆಳಿಗ್ಗೆ ಬೂದಿ ತೋರಿಸಿದಳು,
ಆಮೇಲೆ ನನ್ನ ತಲೆ ತೋರಿಸಿದಳು.
ಮೊಟ್ಟೆ ಎಲ್ಲಿಂದ ಬರಬೇಕು? ಆಲೂಗಡ್ಡೆ ತೇಲಿಸಿದಳು.
ಕೊಬ್ಬು, ಸತ್ತ ಕುದುರೆಯದು.
ಅಳತೆ ಕೇಳ್ತೀಯಲ್ಲ ನೀನು,
ಅವಳು ಹೇಳಿದ್ದರೆ ತಾನೆ ನಾನು ಹೇಳೋದು?
ನನ್ನ ಕೈ ಮೇಲೆ ಕೈ ಇಟ್ಟು ಕಲಕಿದಳು, ಅಷ್ಟೆ.

ತಂತಿಯಿಂದ ಕೊಯ್ದು ಅಟ್ಟದ ಹಲಗೆಯ ಮೇಲೆ ಜೋಡಿಸಿದೆವು,
ಇಪ್ಪತ್ತಮೂರು, ಒಂದರ ಹಾಗೆ ಒಂದಿಲ್ಲ.
ಆರು ವಾರ ಮುಟ್ಟಬಾರದು.
ಹತ್ತನೆಯ ರಾತ್ರಿಯೇ ಒಂದನ್ನು ಕದ್ದು
ಬಾವಿಕಟ್ಟೆಯ ಬಳಿ ಕತ್ತಲಲ್ಲಿ ಕೈ ತೊಳೆದೆ.
ನೊರೆ ಬಂತು, ಹೌದು,
ಹಿಂದೆಯೇ ಗಿಣ್ಣುಗಳಲ್ಲಿ ಸಣ್ಣಗೆ ಉರಿ.

ಕಿಟಕಿಯಿಂದ ದನಿ:
ಇನ್ನೂ ಎಳಸು.

ಸಾಬೂನೋ ನಾನೋ,
ಕೇಳಲಿಲ್ಲ.